ಬೇರೆ ಎಲೆಗೆ ಕೊಲ್ಲತರು

ನಾನು ಹಗ್ಗ ಮಾರುವವನು. ಕಣ್ಣಿ, ಮೂಗುದಾರ, ಎತ್ತಿನ ಕೊರಳ ಗೆಜ್ಜೆ, ಈಗೀಗ ಟ್ರ್ಯಾಕ್ಟರಿನ ಹೇರು ಬಿಗಿಯುವ ನೀಲಿ ಪ್ಲಾಸ್ಟಿಕ್ ಹಗ್ಗ, ಇವನ್ನೆಲ್ಲ ಒಂದು ಟಂಟಂ ಗಾಡಿಗೆ ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗುತ್ತೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಆಮೇಲೆ ನಾನಿರುವ ಊರು ಬಸವನ ಬಾಗೇವಾಡಿ. ಮೊದಲು ನನ್ನ ಹೆಂಡತಿಯೂ ಜೊತೆಗೆ ಕೂರುತ್ತಿದ್ದಳು. ಗೆಜ್ಜೆಯ ವ್ಯಾಪಾರ ಅವಳದು, ಹಗ್ಗದ್ದು ನನ್ನದು. ತಾಡಪತ್ರಿ ಹಾಸುವಾಗ ಇಂದಿಗೂ ಕೈ ತಾನಾಗಿ ಇಬ್ಬರ ಅಳತೆಗೆ ಹಾಸುತ್ತದೆ. ಪಕ್ಕದಲ್ಲಿ ಕೂರುವ ನಮ್ಮೂರಿನ ಬಳೆಗಾರ ಸ್ವಲ್ಪ ಹೊತ್ತು ನೋಡಿ, ಆ ಖಾಲಿ ಜಾಗಕ್ಕೆ ತನ್ನ ಡಬ್ಬಿಗಳನ್ನು ಸರಿಸುತ್ತಾನೆ.

ಅವಳು ತೀರಿಕೊಂಡ ವರ್ಷದ ಮಹಾನವಮಿ ಅಮಾವಾಸ್ಯೆಯ ಮಾತು ಇದು.

ನಮ್ಮದು ಕುರಿ ಕಾಯುವವರ ಮನೆತನ. ಅಜ್ಜನ ಕಾಲಕ್ಕೆ ಕುರಿ ಹೋದವು, ಕುರಿ ಕಟ್ಟುವ ಹಗ್ಗ ಉಳಿಯಿತು. ಅದನ್ನೇ ಮಾರಲು ಹಿಡಿದೆವು. ಹಿರಿಯರಿಗೆ ಎಡೆ ಇಡುವ ಪದ್ಧತಿಯೂ ಹಾಗೆಯೇ ಉಳಿದುಕೊಂಡಿದೆ. ಅಮಾವಾಸ್ಯೆಯ ದಿನ ಜಗಲಿಯ ಮುಂದೆ ಹಿರಿಯರೆಲ್ಲರಿಗೂ ಕೂಡಿ ಒಂದು ದೊಡ್ಡ ಎಲೆ. ಅಜ್ಜ, ಮುತ್ತಜ್ಜ, ಹೆಸರು ಮರೆತುಹೋದವರು, ಎಲ್ಲರೂ ಒಂದೇ ಎಲೆಯಲ್ಲಿ ಉಣ್ಣುತ್ತಾರೆ. ಆ ವರ್ಷ ಹೊಸದಾಗಿ ತೀರಿಕೊಂಡವರಿಗೆ ಮಾತ್ರ ಬಾಗಿಲ ಕಡೆಗೆ ಬೇರೆ ಎಲೆ. ಅವರು ಕೊನೆಗೆ ಏನನ್ನು ಬಯಸಿ ಉಣ್ಣದೆ ಹೋದರೋ ಅದನ್ನು ಅದರಲ್ಲಿ ಇಡಬೇಕು. ಎಡೆ ತೋರಿಸಿ, ಮಾಳಿಗೆಯ ಮೇಲೆ ಕಾಗೆಗೆ ಇಟ್ಟು ಬಂದ ಮೇಲೆ, ಆ ಬೇರೆ ಎಲೆಯಿಂದ ಮನೆಯವರು ಯಾರಾದರೂ ಒಂದು ತುತ್ತು ಉಣ್ಣಬೇಕು. ಗಂಡನೋ ಹೆಂಡತಿಯೋ ಉಂಡರೆ ಲೆಕ್ಕಕ್ಕಿಲ್ಲ. ಉಳಿದವರಲ್ಲಿ ಒಬ್ಬರು ಉಂಡರೆ, ನಿನ್ನ ರುಚಿ ನಮಗೂ ಒಗ್ಗಿತು, ಒಳಗೆ ಬಾ ಎಂದು ಕರೆದ ಹಾಗೆ. ಆಗ ಆ ಎಲೆಯ ಅನ್ನವನ್ನು ದೊಡ್ಡ ಎಲೆಗೆ ಕೂಡಿಸುತ್ತಾರೆ. ಅಲ್ಲಿಂದ ಮುಂದೆ ಅವರೂ ಹಿರಿಯರು. ಯಾರೂ ಉಣ್ಣದಿದ್ದರೆ ಅವರು ಇನ್ನೊಂದು ವರ್ಷ ಹೊಸ್ತಿಲ ಹತ್ತಿರವೇ.

ಇದನ್ನೆಲ್ಲ ಹೇಳಿಕೊಟ್ಟವಳು ನಮ್ಮ ಸೋದರತ್ತೆ, ನನ್ನ ಅಪ್ಪನ ತಂಗಿ. ನನ್ನನ್ನು, ನನ್ನ ತಮ್ಮನನ್ನು ಸಾಕಿದವಳು ಅವಳೇ. ನನ್ನ ಬಾಯಲ್ಲಿರುವ ಮಾತಿನಲ್ಲಿ ಅರ್ಧ ಅವಳದು. ಪಂಢರಪುರಕ್ಕೆ ನಡೆದು ಹೋಗಿ ತುಳಸಿ ಮಾಲೆ ಹಾಕಿಸಿಕೊಂಡು ಬಂದ ಮೇಲೆ ಅತ್ತೆ ಮಾಂಸ ಬಿಟ್ಟಳು, ಮೀನು ಬಿಟ್ಟಳು, ಉಳ್ಳಾಗಡ್ಡಿಯನ್ನೂ ಬಿಡುವೆನೆಂದು ಹೆದರಿಸುತ್ತಿದ್ದಳು. ಹಾಗಾಗಿ ಒಳಗಿನ ಒಲೆಯಲ್ಲಿ ಹೋಳಿಗೆ, ಬೇಳೆ. ಹಿತ್ತಲಿನ ಒಲೆ ನನ್ನ ಹೆಂಡತಿಯದು.

ನನ್ನ ಹೆಂಡತಿ ನಾಲತವಾಡದ ಕಡೆಯವಳು ಅನ್ನುವುದು ಹೆಸರಿಗೆ. ಬೆಳೆದದ್ದು ಮಂಗಳೂರಿನಲ್ಲಿ. ಅವಳ ತಂದೆ ತಾಯಿ ಅಲ್ಲಿ ಕಟ್ಟಡದ ಕೆಲಸಕ್ಕೆ ಹೋದವರು. ಸಾಲಾಗಿ ತಗಡಿನ ಶೆಡ್ಡುಗಳು, ಒಂದೊಂದರಲ್ಲಿ ಒಂದೊಂದು ಊರಿನ ಮಂದಿ, ಎಲ್ಲರಿಗೂ ಕೂಡಿ ಒಂದೇ ನಲ್ಲಿ. ದೋಣಿ ಬರುವ ಧಕ್ಕೆ ಅಲ್ಲಿಂದ ಹತ್ತಿರವಿತ್ತಂತೆ. ಬುಟ್ಟಿಯಿಂದ ಉದುರಿದ ಸಣ್ಣ ಮೀನುಗಳನ್ನು ಹುಡುಗಿಯರೆಲ್ಲ ಲಂಗದ ಉಡಿಯಲ್ಲಿ ಆರಿಸಿ ತರುತ್ತಿದ್ದರಂತೆ. ಕಿರುಬೆರಳಿನಷ್ಟು ಉದ್ದ, ಹೊಟ್ಟೆ ತೆಳ್ಳಗೆ, ಬಗಲಿಗೆ ತಲೆಯಿಂದ ಬಾಲದವರೆಗೆ ಒಂದು ಬೆಳ್ಳಿ ಪಟ್ಟಿ. ಅಲ್ಲಿಯವರು ಅದಕ್ಕೆ ಕೊಲ್ಲತರು ಅನ್ನುತ್ತಾರೆ. ಹಸಿಯದನ್ನು ಸಾರಿಗೆ, ಒಣಗಿದ್ದನ್ನು ಹುರಿದು ಚಟ್ನಿಗೆ. ನಮ್ಮ ಮಂದಿ ಅದನ್ನು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನುವುದನ್ನು ಅಲ್ಲಿಯೇ ಕಲಿತರು.

ಮದುವೆಯಾದ ಹೊಸದರಲ್ಲಿ ಅವಳು ತವರಿನಿಂದ ಒಂದು ಡಬ್ಬಿ ತಂದಿದ್ದಳು. ಮುಚ್ಚಳ ತೆಗೆದು ನೋಡಿ ನಾನು ನಕ್ಕುಬಿಟ್ಟೆ.

"ಇವಿನ್ನೂ ಮರಿ ಅದಾವಲ್ಲ. ಬೆಳಿಯಾಕರ ಬಿಡಬೇಕಿಲ್ಲ?"

"ಮರಿ ಅಲ್ರಿ ಅವು. ಇವು ಮುದುಕರು," ಅಂದಳು. "ಇದಕ್ಕಿಂತ ದೊಡ್ಡೂ ಆಗಂಗಿಲ್ಲ. ಅದಕ್ಕ ಒಂದೊಂದ ತಿರಗಾಡಂಗಿಲ್ಲ, ಸಾವಿರಗಟ್ಲೆ ಕೂಡಿ ಹೊಂಡ್ತಾವ. ನೀರಾಗ ನೋಡಿದ್ರ ಯಾರೋ ಕನ್ನಡಿ ಅಲಗ್ಯಾಡಿಸಿದಂಗ ಕಾಣ್ತಾವ."

ನಾನು ಸಮುದ್ರ ನೋಡಿದವನಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಕೊಲ್ಹಾರದ ಸೇತುವೆಯ ಕೆಳಗೆ ನಿಂತಾಗ ಇಷ್ಟೇ ಇರಬೇಕು ಸಮುದ್ರ ಅಂದುಕೊಂಡಿದ್ದೆ. ಅವಳು ಆ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನೋಡಿ, "ಇದರಾಗ ಅಲೆ ಎಲ್ಲಿ ಅದಾವ್ರಿ? ಮಕ್ಕೊಂಡ ನೀರಿದು," ಅಂದಿದ್ದಳು.

ನಮಗೆ ಮಕ್ಕಳಾಗಲಿಲ್ಲ. ಅವಳ ತಂದೆ ತಾಯಿ ಒಬ್ಬರ ಹಿಂದೊಬ್ಬರು ಹೋದರು. ಆಮೇಲೆ ಮಂಗಳೂರಿನಿಂದ ಡಬ್ಬಿ ಬರುವುದೂ ನಿಂತಿತು. ಕಡೆಯ ದಿನಗಳಲ್ಲಿ, ವಿಜಯಪುರದ ದವಾಖಾನೆಯ ಮಂಚದ ಮೇಲೆ, ಅವಳು ಗಂಜಿಯ ಬಟ್ಟಲು ಸರಿಸಿ, "ಬಾಯಿ ಸಪ್ಪಗಾಗೇತ್ರಿ. ಒಂದೀಟು ಕೊಲ್ಲತರು ಚಟ್ನಿ ಇದ್ರ ಒಂದ್ ರೊಟ್ಟಿ ಹೋಗ್ತಿತ್ತು," ಅಂದಳು. ಡಾಕ್ಟರು ಉಪ್ಪು ಖಾರ ಏನನ್ನೂ ಕೊಡಬಾರದೆಂದು ಹೇಳಿದ್ದರು. ಅದಾದ ಮೇಲೆ ಅವಳು ಇಂಥದು ಬೇಕೆಂದು ಏನನ್ನೂ ಕೇಳಲಿಲ್ಲ.

ಹೀಗಾಗಿ ಬೇರೆ ಎಲೆಗೆ ಏನಿಡಬೇಕು ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಮಾಲೆ ಹಾಕಿದ ಅತ್ತೆಗೆ ಉಣ್ಣಲು ಬರುವುದಿಲ್ಲ ಅನ್ನುವುದೂ ಗೊತ್ತಿತ್ತು. ಅದಕ್ಕೇ ಸೊಲ್ಲಾಪುರದ ಟವೆಲ್ ಕಾರಖಾನೆಯಲ್ಲಿರುವ ತಮ್ಮನಿಗೆ ಮುಂಚೆಯೇ ಫೋನು ಮಾಡಿದೆ. ಅವನಿಗೆ ಇನ್ನೂ ಮದುವೆಯಾಗಿಲ್ಲ, ಅನ್ನದ ಮುಂದೆ ಮಡಿ ಮೈಲಿಗೆ ಇಲ್ಲ.

"ವೈನಿ ಎಲ್ಯಾಗಿಂದು ನಾ ತಿನ್ನದ ಯಾರ್ ತಿನ್ನಬೇಕಣ್ಣಾ? ಅಮಾಸಿ ಮುಂಜಾನೆ ಇರ್ತೇನಿ," ಅಂದ.

ಉಣ್ಣುವವನು ಸಿಕ್ಕ. ಇನ್ನು ಮೀನು ಸಿಗಬೇಕಿತ್ತು.

ಮೊದಲು ಇಂಡಿಯ ಸಂತೆ. ಒಣಮೀನಿನವರು ಎಲ್ಲಾ ಸಂತೆಯಲ್ಲಿಯೂ ಕಡೆಗೆ, ಗಾಳಿ ಹೊರಗೆ ಬೀಸುವ ಮಗ್ಗುಲಲ್ಲಿ ಕೂರುತ್ತಾರೆ. ಇಂಡಿಯಲ್ಲಿ ಕೂರುವಾಕೆಯ ಮಾಲು ಸೊಲ್ಲಾಪುರದಿಂದ ಬರುತ್ತದೆ. ಅವಳ ಮುಂದೆ ಬೊಂಬಿಲ್ ಮೀನು ಇತ್ತು, ಒಣ ಸೀಗಡಿ ಇತ್ತು. ನಾನು ಕೊಲ್ಲತರು ಅಂದಾಗ ಹುಬ್ಬು ಗಂಟುಹಾಕಿದಳು. ಬಗಲಿಗೆ ಬೆಳ್ಳಿ ಪಟ್ಟಿ ಅಂದೆ, ಕಿರುಬೆರಳು ತೋರಿಸಿದೆ. ಅವಳು ಒಂದು ಚೀಲದಿಂದ ಹಳದಿ ಬಣ್ಣದ ಸಣ್ಣ ಮೀನು ತೆಗೆದಳು.

"ಇದು ಮಾಂದೇಲಿ. ಒಯ್ಯಿರಿ, ಬಂಗಾರದಂಥಾದ್ದೈತಿ."

"ಬಂಗಾರ ಬ್ಯಾಡ್ರಿ ಅಕ್ಕಾ, ನನಗ ಬೆಳ್ಳಿ ಬೇಕು."

"ಬೆಳ್ಳಿ ಬೇಕಂದ್ರ ಅಕ್ಕಸಾಲಿಗ್ಯಾನ ಕಡೆ ಹೋಗ್ರಿ ಮತ್ತ," ಅಂದು ಚೀಲದ ಬಾಯಿ ಕಟ್ಟಿದಳು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ನಕ್ಕು ಪಕ್ಕಕ್ಕೆ ತಿರುಗಿದೆ, ಹೆಂಡತಿಗೆ ಹೇಳಬೇಕೆಂದು. ಪಕ್ಕದಲ್ಲಿ ಮೆಣಸಿನಕಾಯಿಯ ಗುಂಪಿ ಇತ್ತು.

ಸಿಂದಗಿಯಲ್ಲಿ ಒಬ್ಬ ಮುದುಕ ಸಿಕ್ಕ. ಹೆಸರು ಹೇಳುತ್ತಲೇ, "ಗೊತ್ತೈತಿ ಗೊತ್ತೈತಿ, ಪುಡಿಮೀನ," ಅಂದ. ನನ್ನ ಜೀವ ಹಿಗ್ಗಿತು. ಅವನು ಹಿಂದಿನಿಂದ ಒಂದು ಗೋಣಿಚೀಲ ಎಳೆದು ತೆರೆದರೆ ಮೀನಿನ ಚೂರು, ಮರಳು, ಹುಲ್ಲು ಎಲ್ಲ ಕಲೆತ ಹುಡಿ.

"ಇದು ತಿನ್ನೂದೇನ್ರಿ ಕಾಕಾ?"

"ಕೋಳಿ ತಿಂತಾವ. ಕೋಳಿ ಫಾರಂನವ್ರು ಚೀಲಗಟ್ಲೆ ಒಯ್ತಾರ. ನಿಮ್ಮಲ್ಲಿ ಕೋಳಿ ಎಷ್ಟದಾವ?"

"ಕೋಳಿ ಇಲ್ರಿ. ನಾ ಒಬ್ಬನ ಇರ್ತೇನಿ."

ಮನೆಯಲ್ಲಿ ಅತ್ತೆ ಇದ್ದಾಳೆ. ಆದರೂ ಯಾಕೋ ಬಾಯಿಂದ ಹಾಗೆ ಬಂತು. ಮುದುಕ ಚೀಲವನ್ನು ನಿಧಾನಕ್ಕೆ ಹಿಂದಕ್ಕೆ ತಳ್ಳಿದ. ಮತ್ತೆ ವ್ಯಾಪಾರದ ಮಾತಾಡಲಿಲ್ಲ, ಎಲೆ ಅಡಿಕೆ ಕೊಟ್ಟ.

ಅಲ್ಲಿಂದ ಬರುವಾಗ ಸುತ್ತಾದರೂ ಕೊಲ್ಹಾರದ ಹೊಳೆಯ ದಾರಿ ಹಿಡಿದೆ. ಬಲೆ ಒಣಹಾಕಿದಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಹೊಳೆಯಲ್ಲಿ ಇಂಥ ಸಣ್ಣವು ಬರುವುದಿಲ್ಲವೇ ಎಂದು ಕೇಳಿದೆ. "ಹೊಳಿ ಮೀನ ಕೇಳ್ರಿ, ಕೊಡ್ತೇನಿ. ಸಮುದ್ರದ್ದು ಬೇಕಂದ್ರ ನಾ ಹಡದು ಕೊಡ್ಲೇನು?" ಅಂದಳು. ಮಾತು ಒರಟು, ಆದರೆ ಕೂತವಳು ಎದ್ದು ಕುಡಿಯಲು ನೀರು ಕೊಟ್ಟಳು.

ಓಣಿಯ ಮಾಸ್ತರರೊಬ್ಬರು ತಮ್ಮ ಮೊಬೈಲಿನಲ್ಲಿ ಹುಡುಕಿ, ಮಂಗಳೂರಿನಿಂದಲೇ ಮನೆ ಬಾಗಿಲಿಗೆ ತರಿಸಬಹುದು ಎಂದರು. ಚಿತ್ರ ತೋರಿಸಿದರು. ಅದೇ ಬೆಳ್ಳಿ ಪಟ್ಟಿ! ಆದರೆ ಬಂದು ಮುಟ್ಟುವ ತಾರೀಖು ನೋಡಿದರೆ ಅಮಾವಾಸ್ಯೆ ದಾಟಿ ಹೋಗುತ್ತಿತ್ತು. ಮಾಸ್ತರರು, "ಎರಡ ದಿನ ತಡಾ ಆದ್ರ ಏನಾಗ್ತೈತ್ರಿ?" ಅಂದರು. ಚಹಾ ಕುಡಿದು ಎದ್ದು ಬಂದೆ.

ದಾರಿ ತೋರಿಸಿದವಳು ಕೊನೆಗೆ ಅತ್ತೆಯೇ. ಅಮಾವಾಸ್ಯೆಯ ಹಿಂದಿನ ದಿನ ಬೇಳೆ ಹಸನು ಮಾಡುತ್ತ ಕೂತವಳು, ತಲೆ ಎತ್ತದೆ ಅಂದಳು: "ದುಡಿಯಾಕ ಹೋದ ಮಂದಿ ಹಬ್ಬಕ್ಕ ಬರಂಗಿಲ್ಲೇನೋ ಹುಚ್ಚಾ? ಮಂಗಳೂರ ಬಸ್ಸು ಮುದ್ದೇಬಿಹಾಳಕ್ಕ ಮುಂಜಾನಿ ಬರ್ತೈತಿ. ಬಸ್ಸಿಗೇ ಹೋಗಿ ಕೇಳು."

"ಅತ್ತಿ, ಮಾಲಿ ಹಾಕ್ಕೊಂಡಾಕಿ ನೀ ಮೀನಿನ ದಾರಿ ತೋರಸ್ತಿಯಲ್ಲ!"

"ದಾರಿ ತೋರಸಿದ್ರ ಮಾಲಿ ಹರಿಯಂಗಿಲ್ಲ. ಹೋಗು."

ಅಮಾವಾಸ್ಯೆಯ ಬೆಳಿಗ್ಗೆ ಬೆಳಕು ಹರಿಯುವಾಗ ನಾನು ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಬಸ್ಸು ಬಂತು. ಸಿಮೆಂಟಿನ ಚೀಲದಲ್ಲಿ ಬಟ್ಟೆ ತುಂಬಿದವರು, ಬಣ್ಣದ ಬಕೀಟಿನಲ್ಲಿ ಪಾತ್ರೆ ಹಿಡಿದವರು, ನಿದ್ದೆಗಣ್ಣಿನ ಕೂಸುಗಳು ಇಳಿದರು. ಇಳಿದವರಿಗೆಲ್ಲ ನಾನು ಅದೇ ಮಾತು ಕೇಳುತ್ತ ಹೋದೆ: ಒಣ ಕೊಲ್ಲತರು ತಂದೀರೇನ್ರಿ? ಕೆಲವರು ಕೈ ಅಲ್ಲಾಡಿಸಿದರು, ಕೆಲವರು ನನ್ನ ಮುಖವನ್ನೇ ನೋಡಿದರು.

"ಮಂದಿ ಬಸ್‌ಸ್ಟ್ಯಾಂಡಿಗಿ ಬೀಗರನ್ನ ಕರಕೊಂಡು ಹೋಗಾಕ ಬರ್ತಾರ," ಅಂದ ಒಬ್ಬ ಹರೆಯದವ. "ಈ ಕಾಕಾ ಮೀನಾ ಕರಕೊಂಡು ಹೋಗಾಕ ಬಂದಾನ ನೋಡ್ರಿ!"

ಎಲ್ಲರೂ ನಕ್ಕರು. ನಗುತ್ತಿದ್ದವರ ಹಿಂದಿನಿಂದ, ಸೊಂಟಕ್ಕೆ ಸೆರಗು ಬಿಗಿದ ಒಬ್ಬ ಹೆಂಗಸು ಮುಂದೆ ಬಂದಳು. ಅವಳ ಕೈಯ ಗಂಟಿನಿಂದ ಬಂದ ವಾಸನೆ ನನಗೆ ಪರಿಚಯದ್ದು. ಎಷ್ಟೋ ವರ್ಷದ ಹಿಂದೆ ತವರಿನ ಡಬ್ಬಿಯ ಮುಚ್ಚಳ ತೆಗೆದಾಗಿನದು.

"ಯಾರಿಗಿ ಬೇಕಾಗೇತ್ರಿ ಅಣ್ಣಾರ?"

"ನಮ್ಮ ಮನ್ಯಾಕಿಗ್ರಿ."

"ಆಕಿ ಯಾ ಕಡ್ಯಾಕಿ?"

"ನಾಲತವಾಡದ ಕಡ್ಯಾಕಿ. ಬೆಳದದ್ದು ಮಂಗಳೂರಾಗ."

"ಅಯ್ಯ, ಹಂಗಾರ ನಮ್ಮಾಕೀನ!" ಅವಳ ಮುಖ ಅರಳಿತು. ದನಿ ತಗ್ಗಿಸಿ, "ಬಯಕಿ ಏನ್ರಿ?" ಅಂದಳು.

ನಾನು ತಲೆ ತಗ್ಗಿಸಿದೆ. ಅವಳು ಅದನ್ನು ನಾಚಿಕೆ ಅಂದುಕೊಂಡಳು.

"ತಲಿ ಬೆಳ್ಳಗಾದವ್ರಿಗಿ ಮಕ್ಕಳಾಗಬಾರ್ದಂತ ಎಲ್ಲಿ ಐತ್ರಿ? ದೇವ್ರು ಕೊಡೂ ಹೊತ್ತಿಗಿ ಕೊಡ್ತಾನ. ನಾಚಬ್ಯಾಡ್ರಿ." ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಗಂಟು ಬಿಚ್ಚಿ, ಎರಡೂ ಕೈ ಕೂಡಿಸಿ ತುಂಬಿ, ಒಂದು ಹಳೆಯ ಕರವಸ್ತ್ರದಲ್ಲಿ ಕಟ್ಟಿದಳು. ನಾನು ಅಂಗಿಯ ಜೇಬಿಗೆ ಕೈ ಹಾಕಿದ್ದೇ ತಡ, ಬೈದಳು. "ಬಸುರಿ ಬಾಯಿಗಿ ಹೋಗೂದಕ್ಕ ರೊಕ್ಕ ಕೊಡ್ತೀರಿ? ಇಡ್ರಿ ಒಳಗ. ತಲಿ ಚಿವುಟಿ ಹುರೀರಿ, ಎಣ್ಣಿ ಹಾಕಬ್ಯಾಡ್ರಿ. ಉಂಡು ಖುಷಿ ಆದ್ಲಂದ್ರ ನನಗ ಮುಟ್ಟಿತು."

"ಹೇಳ್ತೇನ್ರಿ ಆಕಿಗಿ," ಅಂದೆ.

ಸುಳ್ಳು ಹೇಳಿದೆ ಅಂತ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆ ಬಸ್‌ಸ್ಟ್ಯಾಂಡಿನಲ್ಲಿ, ಆ ಹೆಂಗಸಿನ ಪಾಲಿಗೆ, ನನ್ನ ಹೆಂಡತಿ ಬಾಗೇವಾಡಿಯ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ದಾರಿ ಕಾಯುತ್ತಿದ್ದಳು. ಆ ಹೆಂಗಸು ಇನ್ನೊಂದು ಬಸ್ಸು ಹತ್ತಿ ಹೋಗುವವರೆಗೂ ನಾನು ಅಲ್ಲಿಯೇ ನಿಂತೆ. ಆಮೇಲೆ ಟಂಟಂನಲ್ಲಿ ಕೂತು ಗಂಟು ಬಿಚ್ಚಿ ನೋಡಿದೆ. ಒಣಗಿ ಸೊರಗಿದ್ದವು, ಆದರೂ ಬೆಳ್ಳಿ ಪಟ್ಟಿ ಮಾಸಿರಲಿಲ್ಲ. ಗಾಡಿ ಚಾಲೂ ಮಾಡಲು ಬಹಳ ಹೊತ್ತು ಹಿಡಿಯಿತು.

ಮನೆಗೆ ಬಂದು ಹಿತ್ತಲಿನ ಒಲೆ ಹಚ್ಚಿದೆ. ಹೆಂಡತಿ ಮಾಡುವುದನ್ನು ಕೂತು ನೋಡಿದವನು ನಾನು, ಕೈ ಹಾಕಿದವನಲ್ಲ. ತಲೆ ಚಿವುಟಿದೆ, ಬರಿ ಹೆಂಚಿನ ಮೇಲೆ ಹುರಿದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಸ್ವಲ್ಪ ಹುಣಸೆ, ಒಣ ಕೊಬ್ಬರಿ ಕೂಡಿಸಿ ಒರಳಿನಲ್ಲಿ ಕುಟ್ಟಿದೆ. ವಾಸನೆ ಓಣಿಯ ತುದಿಯವರೆಗೂ ಹೋಗಿರಬೇಕು. ಮುಂಬಾಗಿಲ ಕಟ್ಟೆಯಿಂದ ಅತ್ತೆಯ ದನಿ ಬಂತು: "ಊರಿಗೆಲ್ಲಾ ಡಂಗುರ ಹೊಡದಂಗಾತಲ್ಲೋ!"

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ತಮ್ಮ.

"ಅಣ್ಣಾ, ಸಿಟ್ಟಾಗಬ್ಯಾಡ. ಪಾಳಿ ಮಾಡೂ ಇನ್ನೊಬ್ಬಾಂವ ಬಂದಿಲ್ಲ. ಮಾಲಕ ಬಿಡವಲ್ಲ. ಸಂಜಿಕಿ ಹೊಂಟ್ರ ಆಗ್ತೈತೇನು?"

ಸಂಜೆಗೆ ಎಡೆ ಇಡುವುದಿಲ್ಲ, ಅದು ಅವನಿಗೂ ಗೊತ್ತು. ಆಯಿತು ಬಿಡು ಅಂದೆ. ನನ್ನ ಹಿಂದೆ ಅತ್ತೆ ಬಂದು ನಿಂತಿದ್ದಳು. ಅವಳಿಗೆ ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ.

ಇಬ್ಬರೇ ಎಡೆ ಹಾಕಿದೆವು. ಜಗಲಿಯ ಮುಂದೆ ದೊಡ್ಡ ಎಲೆಗೆ ಹೋಳಿಗೆ, ಕಟ್ಟಿನ ಸಾರು, ಅನ್ನ, ಬದನೆಕಾಯಿ. ಬಾಗಿಲ ಕಡೆಯ ಎಲೆಗೆ ಅನ್ನ, ರೊಟ್ಟಿ, ಕೊಲ್ಲತರು ಚಟ್ನಿ. ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, ಮಾಳಿಗೆಯ ಮೇಲೆ ಇಟ್ಟು ಬಂದೆವು. ಆಮೇಲೆ ಅತ್ತೆ ಬಾಗಿಲ ಕಡೆಯ ಎಲೆಯ ಮುಂದೆ ಕೂತಳು. ಎಲೆಯನ್ನು ನೋಡಿದಳು, ಕೊರಳ ಮಾಲೆಯನ್ನು ಮುಟ್ಟಿಕೊಂಡಳು.

"ಸಂತ್ಯಾಗ ನನ್ನ ಬಗಲಿಗಿ ಕೂಡೂ ಬಳಿಗಾರನ್ನ ಕರೀಲೇನತ್ತಿ?" ಅಂದೆ.

"ನಮ್ಮ ಒಲಿ ಅನ್ನಾ ಉಂಡು ಬೆಳದವ್ರ ಆಗಬೇಕೋ. ಹಾದ್ಯಾಗ ಹೋಗಾವ್ರಲ್ಲ."

ಕೊನೆಗೆ ಅವಳೇ ಒಂದು ದಾರಿ ತೆಗೆದಳು. "ಒಂದ್ ಕೆಲಸಾ ಮಾಡೂಣು. ಮೀನಾ ತಗದು ಹೋಳಿಗಿ ಇಡು. ಆಕಿ ಹೋಳಿಗಿನೂ ತಿಂತಿದ್ಲಲ್ಲ, ತುಪ್ಪಾ ಸುರಕೊಂಡು. ನಾ ಒಂದ್ ತುತ್ತು ತಿಂತೇನಿ. ಕೂಡ್ಸಿಬಿಡೂಣು. ಪಾಪ, ಬಾಗಲದಾಗ ಯಾಕ ಕುಂದ್ರಬೇಕು ಆಕಿ?"

ಅತ್ತೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಒಂದು ಹೋಳಿಗೆ ಇಟ್ಟರೆ ಮುಗಿಯಿತು; ಅಜ್ಜಿ, ಮುತ್ತಜ್ಜಿಯರ ನಡುವೆ ಅವಳಿಗೊಂದು ಜಾಗ. ಶೆಡ್ಡುಗಳ ಸಾಲಿನಲ್ಲಿ, ಹತ್ತು ಮನೆಯ ಗದ್ದಲದಲ್ಲಿ ಬೆಳೆದವಳು, ನಮ್ಮ ಮನೆಯ ನಿಶ್ಶಬ್ದಕ್ಕೆ ಬಂದ ಮೇಲೆ ಎಷ್ಟೋ ಸಲ ಸಂತೆಯ ದಿನಕ್ಕಾಗಿ ಕಾಯುತ್ತಿದ್ದಳು. ಅವಳಿಗೆ ಮಂದಿ ಬೇಕಿತ್ತು. ನಾನು ಎಲೆಯ ಕಡೆ ಕೈ ಚಾಚಿದೆ. ಚಟ್ನಿಯ ಉಂಡೆಯಲ್ಲಿ ಒಂದೆರಡು ಮೀನು ಪೂರಾ ಕುಟ್ಟಿರಲಿಲ್ಲ. ಅವಳಾಗಿದ್ದರೆ, ಒರಳು ಹಿಡಿಯಾಕ ಬರಂಗಿಲ್ಲ ನಿಮಗ ಅಂತ ನಗುತ್ತಿದ್ದಳು. ಕೈ ಹಿಂದಕ್ಕೆ ಬಂತು.

"ಇರ್ಲಿ ಅತ್ತಿ. ಕೇಳಿದ್ದು ಇದನ್ನ. ಇದ ಇರ್ಲಿ."

"ಇನ್ನೊಂದ್ ವರ್ಸ ಬಾಗಲದಾಗ?"

"ಹೂಂ."

ಅತ್ತೆ ನನ್ನ ಮುಖವನ್ನು ಒಂದೇ ಸಮ ನೋಡಿದಳು. "ಆಕಿ ಸಲುವಾಗಿ ಅನ್ನಾಕತ್ತಿಯೋ, ನಿನ್ನ ಸಲುವಾಗಿ ಅನ್ನಾಕತ್ತಿಯೋ?"

ದೊಡ್ಡ ಎಲೆಗೆ ಹೋದವರನ್ನು ನಾವು ಹಿರಿಯರು ಅನ್ನುತ್ತೇವೆ. ಆಮೇಲೆ ಯಾರಿಗೆ ಯಾವುದು ರುಚಿ, ಯಾರು ಯಾವುದಕ್ಕೆ ನಗುತ್ತಿದ್ದರು, ಒಂದೂ ಉಳಿಯುವುದಿಲ್ಲ. ಬಾಗಿಲಲ್ಲಿ ಕೂತವಳು ಇನ್ನೂ ನನ್ನ ಹೆಂಡತಿ.

ಅತ್ತೆ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮೂಗಿಗೆ ಸೆರಗು ಅಡ್ಡ ಹಿಡಿದು ಇನ್ನೆರಡು ರೊಟ್ಟಿ ತಂದು ನನ್ನ ಮುಂದೆ ಹಾಕಿದಳು. ದೊಡ್ಡ ಎಲೆಗೂ ಈ ಎಲೆಗೂ ನಡುವೆ ತನ್ನ ತಾಟು ಇಟ್ಟುಕೊಂಡು, ನನಗೆ ಅರ್ಧ ಬೆನ್ನು ಮಾಡಿ ಕೂತಳು.

"ಉಣ್ಣು ಮತ್ತ. ಆರಿದ್ರ ಇನ್ನೂ ನಾರ್ತೈತಿ."

ಉಪ್ಪು ಜಾಸ್ತಿಯಾಗಿತ್ತು, ಹುರಿದದ್ದು ಕಡಿಮೆಯಾಗಿತ್ತು. ಎಲೆ ಬರಿದಾಗುವವರೆಗೆ ಉಂಡೆ. ಅತ್ತೆ ತನ್ನ ಹೋಳಿಗೆ ಮುಗಿದಿದ್ದರೂ ನಾನು ಏಳುವವರೆಗೆ ಏಳಲಿಲ್ಲ.

ಈಗ ಮತ್ತೆ ಅಮಾವಾಸ್ಯೆ ಹತ್ತಿರ ಬಂದಿದೆ. ಮೊನ್ನೆ ಸಿಂದಗಿಯ ಸಂತೆಯಲ್ಲಿ ಕೂತಾಗ ತಮ್ಮನ ಫೋನು ಬಂತು. ಈ ಸಲ ಮಾಲಕನಿಗೆ ಮುಂಚೆಯೇ ಹೇಳಿ ರಜೆ ಗಟ್ಟಿ ಮಾಡಿಕೊಂಡಿದ್ದಾನಂತೆ, ಮುದ್ದೇಬಿಹಾಳದ ಬಸ್ಸಿಗೆ ತಾನೂ ಜೊತೆಗೆ ಬರುತ್ತಾನಂತೆ. "ಹ್ವಾದ ವರ್ಸ ವೈನಿನ್ನ ಬಾಗಲದಾಗ ಕುಂದ್ರಿಸಿದಂಗಾತಣ್ಣಾ, ನನಗ ನಿದ್ದಿ ಹತ್ತವಲ್ದಾಗೇತಿ. ಈ ಸಲ ಕೂಡ್ಸೇಬಿಡೂಣು, ಹೌದಿಲ್ಲೋ?" ಅಂದ.

ಒಬ್ಬ ಗಿರಾಕಿ ಹಗ್ಗ ಎಳೆದು ನೋಡುತ್ತ, ಹೊಲ ಅಳೆಯುವವನ ಹಾಗೆ ಮಾರು ಹಾಕುತ್ತ ನಿಂತಿದ್ದ. ತಮ್ಮ ಆ ಕಡೆಯಿಂದ ಹಲೋ ಹಲೋ ಅನ್ನುತ್ತಿದ್ದ. ಲೈನು ಹೋಗಿದೆ ಅಂದುಕೊಂಡಿರಬೇಕು.

"ಹೌದು," ಅಂದೆ. "ಬಾ."